ನಾಯಿಗೆ ಬಿದ್ದ ಗುಂಡಿನ ಲೆಕ್ಕ

“ನಾಯಿಗೆಲ್ಲಾ ಎಂಥ ಕೇಸು ಯಜಮಾನ್ರೇ? ಇನ್ನೊಂದು ಮರಿ ತಂದು ಸಾಕ್ಕೊಳಿ.” ಪೊಲೀಸರ ಗುಂಡು ತಗುಲಿ ಮನೆನಾಯಿ ಸತ್ತಿತೆಂದು ಯಾರಾದರೂ ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದರೆ ಇಂಥ ಮಾತು ಕಿವಿಗೆ ಬೀಳುವ ಸಂಭವವೇ ಹೆಚ್ಚು. ಹೇಳಿದವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಅಪಘಾತ, ಜಮೀನಿನ ತಗಾದೆ, ಕಾಣೆಯಾದ ಹುಡುಗಿ, ಇಸ್ಪೀಟು ಅಡ್ಡೆ ಇವುಗಳ ನಡುವೆ ನಾಯಿಯ ಸಾವು ಯಾರ ಕಣ್ಣಿಗೂ ದೊಡ್ಡದಾಗಿ ಕಾಣದು. ಆದರೆ ದೂರಿನೊಳಗೆ ನಾಯಿಯ ಜೊತೆಗೆ ಇನ್ನೂ ಮೂರು ಇವೆ: ಸರ್ಕಾರದ ಬಂದೂಕು, ಸರ್ಕಾರದ ಕಾಡತೂಸು, ಖಾಕಿ ತೊಟ್ಟವರ ಬೆರಳು. ಅವನ್ನು ಯಾಕೆ ಬಳಸಿದಿರಿ ಎಂದು ಕೇಳಲು ನಾಯಿ ಸಾಕಿರಬೇಕೆಂದೂ ಇಲ್ಲ, ತೆರಿಗೆ ಕಟ್ಟುತ್ತಿದ್ದರೆ ಸಾಕು.

ಹಂಪಾಪುರವನ್ನೇ ತೆಗೆದುಕೊಳ್ಳೋಣ. ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದರೆ ಹೆಗ್ಗಡದೇವನಕೋಟೆಗೆ ಮುಂಚೆ ಸಿಗುವ ಹೋಬಳಿ ಊರು. ಹತ್ತಿ, ರಾಗಿ, ಹೊಗೆಸೊಪ್ಪಿನ ಸೀಮೆ. ಊರಾಚೆಯ ಹೊಲದ ಮನೆಗಳಲ್ಲಿ ಯಾರೂ ಶೋಕಿಗೆಂದು ನಾಯಿ ಸಾಕುವುದಿಲ್ಲ. ರಾತ್ರಿ ಹಂದಿ ನುಗ್ಗಿದರೆ, ಕೊಟ್ಟಿಗೆಯ ಹಿಂದೆ ಚಿರತೆ ಸುಳಿದರೆ ಮೊದಲು ಸುಳಿವು ಹತ್ತುವುದು ಅದಕ್ಕೆ. ಚಿರತೆ ಮೊದಲು ಹೊತ್ತೊಯ್ಯುವುದೂ ಅದನ್ನೇ. ಗುರುತಿಲ್ಲದವರು ಕತ್ತಲಲ್ಲಿ ಬಂದರೆ ಬೊಗಳಬೇಕು, ಬೇಕಾದರೆ ಮೇಲೆ ಬೀಳಬೇಕು ಎಂದೇ ಅದಕ್ಕೆ ಮುದ್ದೆ ಹಾಕುತ್ತಾರೆ. ಆರೋಪಿಯನ್ನು ಹುಡುಕಿಕೊಂಡು ನಸುಕಿನಲ್ಲಿ ಬರುವ ಪೊಲೀಸರೂ ನಾಯಿಯ ಪಾಲಿಗೆ ಗುರುತಿಲ್ಲದವರೇ. ಅಲ್ಲಿ ಹೀಗೊಂದು ಘಟನೆ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನಡೆದರೆ ಆ ಮನೆಯವರಿಗೆ ದಾರಿ ಯಾವುದು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಕಾನೂನಿನ ಪುಸ್ತಕ ತೆರೆದರೆ ದಾರಿಗಳಿಗೇನೂ ಬರವಿಲ್ಲ. ಆದರೆ ಪ್ರಕರಣ ಉಳಿಯುತ್ತದೋ ಸಾಯುತ್ತದೋ ಎಂಬುದು ಮೊದಲ ಒಂದು ದಿನದಲ್ಲೇ ತೀರ್ಮಾನವಾಗಿಬಿಡುತ್ತದೆ, ಆ ಒಂದು ದಿನ ಇರುವುದು ಗುಂಡು ಹಾರಿಸಿದವರ ಸಹೋದ್ಯೋಗಿಗಳ ಕೈಯಲ್ಲಿ. ನನಗೆ ಕಾಣುವ ಮುಖ್ಯ ತೊಡಕು ಇದು.

ಮೊದಲಿಗೆ, ಪೊಲೀಸರು ನಾಯಿಯನ್ನು ಕೊಲ್ಲಬಹುದೇ? ಬಹುಪಾಲು ಜನ, ಪೊಲೀಸರೂ ಸೇರಿ, “ಹುಚ್ಚುನಾಯಿ ಆದರೆ ಹೊಡೆಯಬಹುದು” ಎಂದುಕೊಂಡಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಂ ಓದಿದರೆ ಆಶ್ಚರ್ಯವಾಗುತ್ತದೆ. ರಸ್ತೆಯಲ್ಲಿ ಲಾರಿಗೆ ಸಿಕ್ಕು ನರಳುತ್ತಿರುವ ಪ್ರಾಣಿಯ ವಿಷಯದಲ್ಲಿಯೂ ಅಲ್ಲಿ ಒಂದು ಕ್ರಮವಿದೆ. ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಅಧಿಕಾರಿ ಅದನ್ನು ನೋಡಬೇಕು. ಒಡೆಯನಿಲ್ಲದಿದ್ದರೆ ಅಥವಾ ಒಡೆಯ ಒಪ್ಪದಿದ್ದರೆ ಆ ಪ್ರದೇಶದ ಪಶುವೈದ್ಯರನ್ನು ಕರೆಸಬೇಕು. ಇನ್ನು ಬದುಕಿಸಿಡುವುದೇ ಕ್ರೌರ್ಯ ಎಂದು ವೈದ್ಯರು ಬರೆದುಕೊಡಬೇಕು. ಆಮೇಲೆ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಸಾಯುತ್ತಿರುವ ಪ್ರಾಣಿಗೇ ಇಷ್ಟು ಕಟ್ಟಳೆ. ಇನ್ನು ಹುಚ್ಚುನಾಯಿ: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ರೇಬೀಸ್ ಶಂಕೆ ಬಂದರೆ ಅದನ್ನು ಪ್ರತ್ಯೇಕವಾಗಿ ಕೂಡಿಹಾಕಿ, ಸಹಜವಾಗಿ ಸಾಯುವವರೆಗೆ ಇಡಲು ಹೇಳುತ್ತವೆ. ಅಲ್ಲಿಯೂ ಬಂದೂಕಿನ ಮಾತಿಲ್ಲ.

ಊರಿಗೆಲ್ಲ ಕಾಟ ಕೊಡುವ, ಕಂಡಕಂಡವರನ್ನು ಕಚ್ಚುವ ಸಾಕುನಾಯಿ ಇದ್ದರೆ? ಅದಕ್ಕೂ ದಾರಿಯಿದೆ, ಅದು ತಹಶೀಲ್ದಾರ್ ಕಚೇರಿಯ ಮೂಲಕ ಹೋಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಳಬರಿಗೆ ಸಿಆರ್‌ಪಿಸಿ 133 ಎಂದರೆ ಗೊತ್ತಾಗುತ್ತದೆ) ತಾಲ್ಲೂಕು ದಂಡಾಧಿಕಾರಿ ಅಪಾಯಕಾರಿ ಪ್ರಾಣಿಯನ್ನು ಕೊಲ್ಲುವಂತೆ, ಕಟ್ಟಿಹಾಕುವಂತೆ ಅಥವಾ ಸಾಗಹಾಕುವಂತೆ ಆದೇಶಿಸಬಹುದು. ಆದೇಶ ಹೋಗುವುದು ಒಡೆಯನಿಗೆ. ಒಡೆಯ ಬಂದು ತಕರಾರು ಹೇಳಬಹುದು. ಅಂದರೆ ಈ ಮೂರೂ ದಾರಿಗಳಲ್ಲಿ ನಾಯಿಯ ಜೀವ ತೆಗೆಯುವ ತೀರ್ಮಾನ ಪೊಲೀಸರೊಬ್ಬರದೇ ಅಲ್ಲ. ಇನ್ನೊಬ್ಬರ ಸಹಿ ಬೇಕೇ ಬೇಕು.

ಹಾಗಾದರೆ ಪೊಲೀಸರಿಗೆ ಉಳಿಯುವುದು ಒಂದೇ ಸಮರ್ಥನೆ: ಆ ಕ್ಷಣದ ಅನಿವಾರ್ಯತೆ. ನಾಯಿ ಮೇಲೆ ಬಿತ್ತು, ಬೇರೆ ದಾರಿ ಇರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ, ದೊಡ್ಡ ಹಾನಿ ತಪ್ಪಿಸಲು ಕೆಟ್ಟ ಉದ್ದೇಶವಿಲ್ಲದೆ ಸಣ್ಣ ಹಾನಿ ಮಾಡಿದರೆ ಅದು ಅಪರಾಧವಲ್ಲ ಎನ್ನುತ್ತದೆ. ಇದು ನ್ಯಾಯವಾದ ಮಾತೇ. ಗಂಟಲಿಗೆ ಹಾರುವ ನಾಯಿಯೆದುರು ಪೇದೆಯೊಬ್ಬ ಕಾಯ್ದೆಯ ಪುಟ ತಿರುವುತ್ತಾ ನಿಲ್ಲಬೇಕೆಂದು ಯಾರೂ ಹೇಳಲಾರರು. ಆದರೆ ಅನಿವಾರ್ಯತೆ ಎಂಬುದು ತೋರಿಸಿಕೊಡಬೇಕಾದ ಸಂಗತಿ. ನಾಯಿ ಎಷ್ಟು ದೂರದಲ್ಲಿತ್ತು, ಕಟ್ಟಿತ್ತೋ ಬಿಟ್ಟಿತ್ತೋ, ಎದುರಿಗಿತ್ತೋ ಓಡುತ್ತಿತ್ತೋ, ಕೈಯಲ್ಲಿ ಲಾಠಿ ಇತ್ತೋ ಇಲ್ಲವೋ, ಮನೆಯವರನ್ನು ಕೂಗಿ “ನಾಯಿ ಹಿಡ್ಕೊಳ್ರಿ” ಅಂದರೋ ಇಲ್ಲವೋ. ಇದನ್ನೆಲ್ಲ ಹೇಳಲು ನಾಯಿಗೆ ಬಾಯಿಲ್ಲ, ಮನೆಯವರು ಹೇಳಿದರೆ ನಂಬಿಕೆ ಇಲ್ಲ. ಹೇಳಬೇಕಾದ್ದು ಕಳೇಬರ ಮತ್ತು ಕಾಗದ.

ಅಪರಾಧದ ಲೆಕ್ಕಕ್ಕೆ ಬಂದರೆ ಎರಡು ಕಾಯ್ದೆಗಳು ಮುಂದಿವೆ, ಅವುಗಳ ನಡುವಿನ ಅಂತರ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಬರೆದ ಮೊತ್ತ ಇವತ್ತಿಗೂ ಹಾಗೇ ಇದೆ. ಹಂಪಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ತಿಂಡಿ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ. ಜೊತೆಗೆ ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಬಾಗಿಲು ಮುಚ್ಚಿತು. ಅದೇ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯಲ್ಲಿ ಇದು 428 ಮತ್ತು 429 ಎಂದು ಎರಡಾಗಿತ್ತು, ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂಬುದರ ಮೇಲೆ ಶಿಕ್ಷೆ ಬದಲಾಗುತ್ತಿತ್ತು. 2024ರ ಜುಲೈ 1ರಿಂದ ಆ ತಕ್ಕಡಿ ಹೋಗಿದೆ. ಇದು ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ, ದಾಖಲಿಸಲೇಬೇಕಾದ ಅಪರಾಧ.

ಆದರೆ 325ನೇ ಕಲಂ ನಾಯಿಯ ನೋವನ್ನು ಕೇಳುವುದಿಲ್ಲ. ಅದಿರುವುದು ಆಸ್ತಿಗೆ ಕೇಡು ಮಾಡುವ ಅಪರಾಧಗಳ ಸಾಲಿನಲ್ಲಿ. ನಿಮ್ಮ ಬೇಲಿ ಮುರಿದರೆ, ಪಂಪ್‌ಸೆಟ್ ಕೆಡಿಸಿದರೆ ಯಾವ ತರ್ಕವೋ ನಾಯಿಯನ್ನು ಕೊಂದರೂ ಅದೇ ತರ್ಕ: ಒಡೆಯನಿಗೆ ನಷ್ಟವಾಗಲಿ ಎಂಬ ಉದ್ದೇಶ, ಅಥವಾ ನಷ್ಟವಾದೀತು ಎಂಬ ತಿಳಿವು ಇರಬೇಕು. ನಾಯಿಯನ್ನು ಮಗುವಿನಂತೆ ಸಾಕಿದವರಿಗೆ ಈ ಮಾತು ಚುಚ್ಚುತ್ತದೆ. ಆದರೆ ಕೋರ್ಟಿನಲ್ಲಿ ಈ ಆಸ್ತಿ ಎಂಬ ಮಾತೇ ಅವರ ಕೈಯಲ್ಲಿರುವ ಗಟ್ಟಿ ಆಯುಧ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬೆಂಗಳೂರಿನ ಒಂದು ಪ್ರಕರಣ ಬಂದಿತ್ತು. ಕಾರೊಂದು ಸಾಕುನಾಯಿಯ ಮೇಲೆ ಹರಿದಿತ್ತು. ಅಜಾಗರೂಕ ಚಾಲನೆಯ ಕಲಂ ಮನುಷ್ಯರಿಗೆ ಮಾತ್ರ, ಇನ್ನು ಪ್ರಾಣಿಯನ್ನು ಕೊಂದ ಕಲಮಿಗೆ ಉದ್ದೇಶ ಬೇಕು, ಇಲ್ಲಿ ಚಾಲಕನಿಗೆ ಆ ನಾಯಿಯ ಮೇಲೆ ಯಾವ ಹಗೆಯೂ ಇರಲಿಲ್ಲ ಎಂದು ಪ್ರಕರಣ ರದ್ದಾಯಿತು. ಗುಂಡಿನ ವಿಷಯ ಬೇರೆ. ಕಾರು ತಪ್ಪಿ ಹರಿಯಬಹುದು. ಬಂದೂಕನ್ನು ಎತ್ತಬೇಕು, ಗುರಿ ಹಿಡಿಯಬೇಕು, ಕುದುರೆ ಎಳೆಯಬೇಕು. ಉದ್ದೇಶ ತೋರಿಸುವ ಹೊರೆ ಅಷ್ಟರಮಟ್ಟಿಗೆ ಹಗುರ.

ಹಾಗೆ ನೋಡಿದರೆ ನಾಯಿಗೆ ಲೆಕ್ಕ ಕೊಡುವುದು ಈ ನಾಡಿಗೆ ಹೊಸದೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಮಧ್ಯದಲ್ಲಿ ಮಣಲೇರ ಎಂಬ ವೀರ, ಗಂಗರ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಪೊಲೀಸ್ ಇಲಾಖೆಯೂ ತನ್ನ ಶ್ವಾನದಳದ ನಾಯಿ ಸತ್ತರೆ ಗಾಳಿಯಲ್ಲಿ ಗುಂಡು ಹಾರಿಸಿ ಗೌರವದಿಂದಲೇ ಮಣ್ಣು ಮಾಡುತ್ತದೆ.

ಈಗ ಆ ಮೊದಲ ದಿನಕ್ಕೆ ಬರೋಣ. ನಾಯಿ ಸತ್ತಿದೆ, ಮಕ್ಕಳು ಅಳುತ್ತಿದ್ದಾರೆ, ಪೊಲೀಸರು ಜೀಪು ಹತ್ತಿ ಹೋಗಿದ್ದಾರೆ. ಹಳ್ಳಿಯಲ್ಲಿ ಮಾಮೂಲಾಗಿ ಏನಾಗುತ್ತದೆ? ಸಂಜೆಯೊಳಗೆ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಅಲ್ಲಿಗೆ ಪ್ರಕರಣದ ಅರ್ಧ ಹೂತುಹೋಯಿತು. ಹೂಳಬಾರದು. ಐಸು ಸಿಕ್ಕರೆ ಐಸಿನಲ್ಲಿ, ಇಲ್ಲದಿದ್ದರೆ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟು, ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆಗೆ ಲಿಖಿತ ಅರ್ಜಿ ಕೊಡಬೇಕು, ಸ್ವೀಕೃತಿ ಪಡೆಯಬೇಕು. ಪೊಲೀಸರ ಕೋರಿಕೆ ಪತ್ರ ಬೇಕು ಎಂದು ವೈದ್ಯರು ಹಿಂಜರಿಯಬಹುದು. ಅವರೂ ಅದೇ ಊರಲ್ಲಿ ಕೆಲಸ ಮಾಡಬೇಕಾದವರು. ಆಗ ಅದನ್ನೇ ಬರಹದಲ್ಲಿ ಕೊಡಿ ಅನ್ನಬೇಕು. ಬಾಯಿಮಾತಿನ ನಿರಾಕರಣೆ ಯಾವ ಕೋರ್ಟಿಗೂ ತಲುಪುವುದಿಲ್ಲ.

ಆ ಪರೀಕ್ಷೆ ಯಾಕೆ ಇಷ್ಟು ಮುಖ್ಯವೆಂದರೆ, ಗಾಯ ಮಾತಾಡುತ್ತದೆ. ಗುಂಡು ಒಳಹೊಕ್ಕ ತೂತು ಸಾಮಾನ್ಯವಾಗಿ ಚಿಕ್ಕದು, ಹೊರಬಿದ್ದ ಕಡೆ ಹರಿದು ಅಗಲವಾಗಿರುತ್ತದೆ. ತೀರ ಹತ್ತಿರದಿಂದ ಹಾರಿಸಿದ್ದರೆ ಕೂದಲು ಸೀದು, ಸುತ್ತ ಮಸಿ ಹತ್ತಿರುತ್ತದೆ. ದೂರದಿಂದಾದರೆ ಆ ಮಸಿ ಕಾಣುವುದಿಲ್ಲ. ಮೈಮೇಲೆ ಹಾರಿದ ನಾಯಿಗೆ ಗುಂಡು ಬೀಳಬೇಕಾದ್ದು ಎದೆಗೋ ಮುಖಕ್ಕೋ. ತೊಡೆಯ ಹಿಂಭಾಗದಲ್ಲಿ ಒಳಹೊಕ್ಕು ಪಕ್ಕೆಯಲ್ಲಿ ಹೊರಬಿದ್ದಿದ್ದರೆ ಆ ನಾಯಿ ಹಾರುತ್ತಿತ್ತೆಂದು ಹೇಳುವುದು ಕಷ್ಟ. ಕಟ್ಟಿದ್ದ ನಾಯಿಯಾದರೆ ಸರಪಳಿ ಬಿಚ್ಚಬಾರದು. ಗೂಟದಿಂದ ಸರಪಳಿಯ ತುದಿಯವರೆಗೆ ಟೇಪು ಹಿಡಿದು ಅಳೆದು, ಟೇಪು ಕಾಣುವಂತೆ ಫೋಟೊ ತೆಗೆಯಬೇಕು. ಎಂಟಡಿ ಸರಪಳಿಯ ನಾಯಿ ಇಪ್ಪತ್ತಡಿ ಆಚೆ ನಿಂತಿದ್ದವರ ಗಂಟಲು ಹಿಡಿಯಲು ಸಾಧ್ಯವಿಲ್ಲ ಎಂಬುದಕ್ಕೆ ವಕೀಲರ ವಾದ ಬೇಡ, ಆ ಫೋಟೊ ಸಾಕು.

ಖಾಲಿ ಕಾಡತೂಸಿನದು ಇನ್ನೊಂದು ಕಥೆ. ಪಿಸ್ತೂಲು, ಇನ್ಸಾಸ್ ರೈಫಲ್‌ಗಳು ಹಾರಿಸಿದ ಕೂಡಲೇ ಖಾಲಿ ಕೋಶವನ್ನು ತಾವೇ ಆಚೆ ಎಸೆಯುತ್ತವೆ. ಹಳೆಯ ತ್ರೀ ನಾಟ್ ತ್ರೀ ಆದರೆ ಬೋಲ್ಟ್ ಎಳೆದಾಗಲೇ ಅದು ಬೀಳುವುದು. ಅಂಗಳದಲ್ಲಿ ಹಿತ್ತಾಳೆ ಕೋಶ ಸಿಕ್ಕರೆ ಮುಟ್ಟದೆ, ಹಾಗೇ ಫೋಟೊ ತೆಗೆದು, ಅಕ್ಕಪಕ್ಕದ ಇಬ್ಬರಿಗೆ ತೋರಿಸಿ, ಮಹಜರಿನಲ್ಲಿ ಬರೆಸಬೇಕು. ಠಾಣೆಯಲ್ಲಿ ಅದರ ಜೋಡಿ ಕಾಗದವಿದೆ: ಯಾವ ಆಯುಧ ಯಾರಿಗೆ ಕೊಟ್ಟರು, ಎಷ್ಟು ಸುತ್ತು ಹೋಯಿತು, ಎಷ್ಟು ವಾಪಸು ಬಂತು. ಒಂದು ಗುಂಡು ಕಡಿಮೆ ಬಂದರೂ ಲೆಕ್ಕ ಕೊಡದೆ ದಫೇದಾರರಿಗೆ ಬಿಡುಗಡೆಯಿಲ್ಲ. ಸ್ಟೇಷನ್ ಹೌಸ್ ಡೈರಿಯಲ್ಲಿ ಆ ದಿನದ ಹೋಗಿಬಂದ ವಿವರ ಇರಬೇಕು. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ತಿಂಗಳುಗಟ್ಟಲೆ ಉಳಿಸಬೇಕು ಎಂದು ಆದೇಶಿಸಿದೆ. ತಂಡ ಎಷ್ಟು ಹೊತ್ತಿಗೆ ಹೊರಟಿತು, ಕೈಯಲ್ಲಿ ಏನಿತ್ತು ಎಂಬುದಕ್ಕೆ ಅದೂ ಸಾಕ್ಷಿ. ಮಾಹಿತಿ ಹಕ್ಕಿನಲ್ಲಿ ಇವನ್ನೆಲ್ಲ ಕೇಳಬಹುದು. ಉತ್ತರಕ್ಕೆ ಮೂವತ್ತು ದಿನ ಕಾಲಾವಕಾಶವಿದೆ, “ತನಿಖೆಗೆ ಅಡ್ಡಿಯಾಗುತ್ತದೆ” ಎಂಬ ಉತ್ತರವೂ ಬರಬಹುದು. ಹಾಗಿದ್ದರೂ ಅರ್ಜಿ ಹಾಕಿದ ತಾರೀಖಿನಿಂದ ಆ ಕಾಗದ ಹರಿದುಹಾಕುವುದು ಸುಲಭವಲ್ಲ.

ಕಳೇಬರ ಹೊರಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಭದ್ರಾವತಿ ತಾಲ್ಲೂಕು ಸಾಕ್ಷಿ. 2021ರ ಸೆಪ್ಟೆಂಬರಿನಲ್ಲಿ ಕಂಬದಾಳು ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತರೆಂಬ ದೂರು ಬಂತು. ಹೂತ ಜಾಗ ಅಗೆದಾಗ ಸಿಕ್ಕ ಶವಗಳು ಇಲ್ಲದಿದ್ದರೆ ಅದು ಊರಿನ ಗುಸುಗುಸುವಾಗಿಯೇ ಉಳಿಯುತ್ತಿತ್ತು. ಶವಗಳಿದ್ದುದರಿಂದ ಪಂಚಾಯಿತಿಯವರ ಮೇಲೇ ಪ್ರಕರಣ ದಾಖಲಾಯಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಕೌಂಟಿಯಲ್ಲಿ 2010ರ ಜನವರಿಯಲ್ಲಿ ಪೊಲೀಸರು ಮನೆಯೊಂದರ ಲ್ಯಾಬ್ರಡಾರ್ ನಾಯಿಗೆ ಗುಂಡು ಹೊಡೆದಾಗ ಅವರದೇ ವಾಹನದ ಕ್ಯಾಮೆರಾ ಅದನ್ನು ಚಿತ್ರೀಕರಿಸಿತ್ತು. ಜೂರಿ ಆ ಚಿತ್ರ ನೋಡಿ ಕುಟುಂಬಕ್ಕೆ 6,20,000 ಡಾಲರ್ ಕೊಡಿಸಿತು. ಮೇಲ್ಮನವಿಯಲ್ಲಿ ಮೊತ್ತ ಇಳಿಯಿತು, ತಪ್ಪು ಮಾತ್ರ ಉಳಿಯಿತು.

ಇನ್ನು ದೂರಿನ ದಾರಿ. ಠಾಣೆಯಲ್ಲಿ ಎಫ್‌ಐಆರ್ ಮಾಡದೆ ಬರೀ ಅರ್ಜಿ ನಂಬರ್ ಕೊಟ್ಟು ಕಳಿಸಿದರೆ ಅಥವಾ “ಸಿವಿಲ್ ಸ್ವರೂಪದ್ದು” ಎಂದು ಹಿಂಬರಹ ಕೊಟ್ಟರೆ, ಅದೇ ದೂರನ್ನು ಮೈಸೂರಿನಲ್ಲಿರುವ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಅಲ್ಲಿಯೂ ಆಗದಿದ್ದರೆ ಎಚ್.ಡಿ. ಕೋಟೆಯ ಜೆಎಂಎಫ್‌ಸಿ ನ್ಯಾಯಾಲಯ. ಸರ್ಕಾರಿ ನೌಕರನ ವಿರುದ್ಧದ ದೂರಿಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಮಿನ ನಾಲ್ಕನೇ ಉಪಕಲಂ ಒಂದು ಹೊಸ ಮೆಟ್ಟಿಲು ಕಟ್ಟಿದೆ: ತನಿಖೆಗೆ ಆದೇಶಿಸುವ ಮೊದಲು ಮ್ಯಾಜಿಸ್ಟ್ರೇಟರು ಮೇಲಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು, ಆ ನೌಕರ ಹೇಳುವುದನ್ನೂ ಪರಿಗಣಿಸಬೇಕು. ಪೊಲೀಸರ ರಕ್ಷಣೆಗೆಂದೇ ಇದನ್ನು ಮಾಡಿದರೆಂದು ಹಲವರ ದೂರು. ನನಗೆ ಇದರಲ್ಲಿ ದೂರುದಾರನಿಗೂ ಒಂದು ಲಾಭ ಕಾಣುತ್ತದೆ. ಗುಂಡು ಹಾರಿಸಿದವರು ತಮ್ಮ ಕಥೆಯನ್ನು ಪ್ರಕರಣದ ಆರಂಭದಲ್ಲೇ ಕೋರ್ಟಿನ ಮುಂದೆ ಇಡಬೇಕಾಗುತ್ತದೆ, ಆಮೇಲೆ ಮರಣೋತ್ತರ ವರದಿ ನೋಡಿಕೊಂಡು ಅದನ್ನು ಬದಲಿಸಲು ಬರುವುದಿಲ್ಲ.

ನಿಜವಾದ ಗೋಡೆ ಎದುರಾಗುವುದು ಇದರಾಚೆ: ಪೂರ್ವಾನುಮತಿ. ಸರ್ಕಾರಿ ನೌಕರನ ಮೇಲೆ ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಹಳೆಯದು. ಹೊಸ ಸಂಹಿತೆಯ 218ನೇ ಕಲಂ ಅದಕ್ಕೆ 120 ದಿನದ ಗಡುವು ಹಾಕಿ, ಆಮೇಲೂ ಸರ್ಕಾರ ಸುಮ್ಮನಿದ್ದರೆ ಅನುಮತಿ ಕೊಟ್ಟಂತೆಯೇ ಎಂದಿದೆ. ಓದಿದರೆ ಸಮಾಧಾನವಾಗುತ್ತದೆ. ಆದರೆ ಆ ರಕ್ಷಣೆ ಇರುವುದು ಸರ್ಕಾರವೇ ತೆಗೆದುಹಾಕಬೇಕಾದ ದರ್ಜೆಯ ಅಧಿಕಾರಿಗಳಿಗೆ ಮಾತ್ರ. ಮೈಸೂರು ರಾಜ್ಯದ ಸಬ್‌ಇನ್‌ಸ್ಪೆಕ್ಟರ್ ಒಬ್ಬರ ಪ್ರಕರಣದಲ್ಲಿ 1963ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು; ಅವರನ್ನು ಐಜಿಯೇ ವಜಾ ಮಾಡಬಹುದಾಗಿದ್ದರಿಂದ ಸರ್ಕಾರದ ಅನುಮತಿ ಬೇಕಿಲ್ಲ ಎಂದು. ಹಾಗಾದರೆ ಪೇದೆ, ಎಸ್‌ಐಗಳ ಮೇಲೆ ನೇರವಾಗಿ ಹೋಗಬಹುದಲ್ಲ ಎಂದುಕೊಳ್ಳುವಷ್ಟರಲ್ಲಿ 1963ರದೇ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಡ್ಡ ಬರುತ್ತದೆ. ಕರ್ತವ್ಯದ ಹೆಸರಿನಲ್ಲಿ, ಕರ್ತವ್ಯ ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಅನುಮತಿ ಬೇಕು. ಒಂದು ವರ್ಷ ದಾಟಿ ಹೂಡಿದರೆ ಮೊಕದ್ದಮೆ ವಜಾ. ಅದಕ್ಕೆ ದರ್ಜೆಯ ಭೇದವಿಲ್ಲ, 120 ದಿನದ ಗಡುವೂ ಅದರಲ್ಲಿಲ್ಲ. ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಮೇಲಿನ ಹಲ್ಲೆ ಆರೋಪದ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದು, ಕೃತ್ಯಕ್ಕೂ ಕರ್ತವ್ಯಕ್ಕೂ ಸಕಾರಣ ನಂಟಿದ್ದರೆ ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕು ಎಂದಿತು. ನಾಯಿಯ ಪ್ರಕರಣದಲ್ಲಿ ಇದರ ಅರ್ಥ ಸರಳ. ಆರೋಪಿಯನ್ನು ಹಿಡಿಯಲು ಬಂದಾಗ ಹಾರಿಸಿದ ಗುಂಡಾದರೆ ಅನುಮತಿಯ ಗೋಡೆ ಎದ್ದು ನಿಲ್ಲುತ್ತದೆ. ರಜೆಯಲ್ಲಿದ್ದ ಪೊಲೀಸಪ್ಪ ಪಕ್ಕದ ಮನೆಯ ನಾಯಿ ಬೊಗಳಿತೆಂದು ಹೊಡೆದಿದ್ದರೆ ಆ ಗೋಡೆ ಇಲ್ಲ.

ಇಲಾಖಾ ವಿಚಾರಣೆಯ ಬೆಲೆಯನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಿಲ್ಲ, ಕೋರ್ಟಿನಷ್ಟು ಕಟ್ಟುನಿಟ್ಟಾದ ಪುರಾವೆಯೂ ಬೇಕಿಲ್ಲ. ಬಡ್ತಿ ತಡೆಯುವ ಒಂದು ಸಾಲಿಗೆ ಪೊಲೀಸರು ಎಫ್‌ಐಆರ್‌ಗಿಂತ ಹೆಚ್ಚು ಹೆದರುತ್ತಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದಿತು, 2012ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದಿತು. ಗಂಭೀರ ದುರ್ವರ್ತನೆ ಎಂದರೆ ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ ಎಂದು ಹೇಳಿದ ಕೋರ್ಟು, ಜಿಲ್ಲಾ ಮಟ್ಟದಲ್ಲಿ ಅಧಿಕಾರದ ಗಂಭೀರ ದುರುಪಯೋಗವನ್ನೂ ಸೇರಿಸಿತ್ತು. ನಾಯಿಯ ಮೇಲಿನ ಗುಂಡು ಆ ಕೊನೆಯ ಮಾತಿನೊಳಗೆ ಬರುತ್ತದೆ ಎಂದು ವಾದಿಸಬಹುದು. ಬರುವುದಿಲ್ಲ ಎಂದು ತಳ್ಳಿಹಾಕುವವರೂ ಇರುತ್ತಾರೆ.

ಪೊಲೀಸರು ಮನೆನಾಯಿ ಕೊಂದದ್ದಕ್ಕೆ ಈ ದೇಶದಲ್ಲಿ ಎದ್ದ ದೊಡ್ಡ ಗಲಾಟೆ ಹುಡುಕಿದರೆ ಹೆಚ್ಚುಕಡಿಮೆ ಇನ್ನೂರು ವರ್ಷ ಹಿಂದಕ್ಕೆ, ಮುಂಬಯಿಗೆ ಹೋಗಬೇಕು. ಬೇಸಗೆ ಬಂದರೆ ಬೀದಿನಾಯಿ ಕೊಲ್ಲುವುದು ಅಲ್ಲಿಯ ಕಂಪನಿ ಸರ್ಕಾರದ ವಾಡಿಕೆ. ಒಂದು ನಾಯಿಗೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಕಾನ್‌ಸ್ಟೆಬಲರು ಬೀದಿ ಬಿಟ್ಟು ಮನೆಯಂಗಳಕ್ಕೆ, ಮನೆಯೊಳಕ್ಕೂ ನುಗ್ಗಿ ಸಾಕಿದ ನಾಯಿಗಳನ್ನೇ ಎಳೆದು ಕೊಲ್ಲತೊಡಗಿದರು. ಪಾರ್ಸಿಗಳಿಗೆ ನಾಯಿ ಬರೀ ಕಾವಲಿನದಲ್ಲ; ಅವರ ಅಂತ್ಯಸಂಸ್ಕಾರದಲ್ಲಿ ಶವವನ್ನು ನಾಯಿಯ ದೃಷ್ಟಿಗೆ ಬೀಳಿಸುವ ವಿಧಿಯಿದೆ. 1832ರ ಜೂನ್ 6ರಂದು ಕೋಟೆಯ ಬಳಿ ಜನ ಕಾನ್‌ಸ್ಟೆಬಲರ ಮೇಲೆ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು. ಹಿಂದೂಗಳು, ಜೈನರು, ಮುಸಲ್ಮಾನರೂ ಸೇರಿಕೊಂಡರು. ಕೊಲಾಬಾದ ದಂಡಿಗೆ ಹೋಗಬೇಕಿದ್ದ ಹಾಲು, ರೊಟ್ಟಿ ನಿಂತವು. ಸೈನ್ಯ ಬಂತು. ಕಟಕಟೆ ಹತ್ತಿದವರು ಮಾತ್ರ ಗಲಭೆ ಮಾಡಿದವರು. ಎರಡು ವರ್ಷದ ನಂತರ ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಸೇರಿ ಮುಂಬಯಿಯಲ್ಲಿ ಪ್ರಾಣಿಗಳಿಗೆ ಆಶ್ರಯ ಕೊಡುವ ಪಾಂಜರಾಪೋಳ ಕಟ್ಟಿದರು. ಪಾರ್ಸಿಗಳದು ದುಡ್ಡೂ ವರ್ಚಸ್ಸೂ ಇದ್ದ ಸಮುದಾಯ, ಊರೇ ಬಂದ್ ಮಾಡಿಸಬಲ್ಲವರು. ಅವರಿಗೂ ಆ ಕಾನ್‌ಸ್ಟೆಬಲರನ್ನು ಕಟಕಟೆಗೆ ತರಲಾಗಲಿಲ್ಲ.

ವರ್ಚಸ್ಸು ಕೆಲಸಕ್ಕೆ ಬಂದದ್ದೂ ಉಂಟು. 2008ರ ಜುಲೈ 29ರಂದು ಮತ್ತೆ ಅದೇ ಮೇರಿಲ್ಯಾಂಡಿನ ಬರ್ವಿನ್ ಹೈಟ್ಸ್ ಎಂಬ ಪುಟ್ಟ ಊರಿನಲ್ಲಿ ಸಶಸ್ತ್ರ ಪೊಲೀಸರು ಮನೆಯೊಂದಕ್ಕೆ ನುಗ್ಗಿ ಎರಡು ಕರಿ ಲ್ಯಾಬ್ರಡಾರ್‌ಗಳನ್ನು ಕೊಂದರು. ಬಾಗಿಲಿಗೆ ಬಂದಿದ್ದ ಗಾಂಜಾ ಪೊಟ್ಟಣವೇ ಅವರಿಗೆ ಸುಳಿವು. ಗಾಂಜಾ ಸಾಗಿಸುವವರು ಗೊತ್ತಿಲ್ಲದವರ ವಿಳಾಸ ಬಳಸುವ ಜಾಲ ಅದೆಂದು ಆಮೇಲೆ ತಿಳಿಯಿತು. ಮನೆ ಆ ಊರಿನ ಮೇಯರ್ ಚೈ ಕ್ಯಾಲ್ವೋ ಅವರದು. ಅವರು ಬಿಡಲಿಲ್ಲ. ಮರುವರ್ಷ ರಾಜ್ಯ ಒಂದು ಕಾನೂನು ತಂದಿತು: ಇಂಥ ಸಶಸ್ತ್ರ ತಂಡಗಳು ಎಲ್ಲಿ ನುಗ್ಗಿದವು, ಯಾಕೆ, ಎಷ್ಟು ಪ್ರಾಣಿಗಳು ಸತ್ತವು ಎಂಬ ಲೆಕ್ಕವನ್ನು ನಿಯಮಿತವಾಗಿ ಒಪ್ಪಿಸಬೇಕು. ನಾಯಿಗೂ ಒಂದು ಕಾಲಂ ಸಿಕ್ಕಿತು. ನನಗೆ ಪರಿಹಾರದ ಯಾವ ಮೊತ್ತಕ್ಕಿಂತಲೂ ಈ ಕಾಲಂ ದೊಡ್ಡದಾಗಿ ಕಾಣುತ್ತದೆ.

ಮೊತ್ತದ ಮಾತು ಬಂದಿತಲ್ಲ. 2014ರ ಫೆಬ್ರವರಿಯಲ್ಲಿ ಅದೇ ರಾಜ್ಯದ ಆ್ಯನ್ ಅರಂಡೆಲ್ ಕೌಂಟಿಯಲ್ಲಿ ಕಳವಿನ ವಿಚಾರಣೆಗೆಂದು ಮನೆಮನೆ ತಿರುಗುತ್ತಿದ್ದ ಪೊಲೀಸನೊಬ್ಬ ಅಂಗಳದಲ್ಲಿದ್ದ ವರ್ನ್ ಎಂಬ ನಾಯಿಯನ್ನು ಕೊಂದ. ಜೂರಿ 12.6 ಲಕ್ಷ ಡಾಲರ್ ಕೊಡಿಸಿತು. 2021ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು 7,500 ಡಾಲರಿಗೆ ಇಳಿಸಿತು. ಘಟನೆ ನಡೆದಾಗ ಸಾಕುಪ್ರಾಣಿಗೆ ಕಾನೂನು ಹಾಕಿದ್ದ ಗರಿಷ್ಠ ಮಿತಿ ಅಷ್ಟೇ ಇತ್ತು. ನಮ್ಮಲ್ಲಿ ಹಾಗೊಂದು ಮಿತಿಯಿಲ್ಲ, ಹಾಗೆಂದು ದಾರಿ ಸಲೀಸೂ ಅಲ್ಲ. ಮೀರತ್ ಪೊಲೀಸರು ವಶಪಡಿಸಿಕೊಂಡ ವ್ಯಾಪಾರಿಯೊಬ್ಬರ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೆಬಲ್ಲೇ ಹೊತ್ತು ಪರಾರಿಯಾದಾಗ, 1964ರಲ್ಲಿ ಸುಪ್ರೀಂ ಕೋರ್ಟ್ ಅದು ಸಾರ್ವಭೌಮ ಕಾರ್ಯದ ನಡುವೆ ಆದದ್ದು, ಸರ್ಕಾರ ಹೊಣೆಯಲ್ಲ ಎಂದುಬಿಟ್ಟಿತ್ತು. 1977ರಲ್ಲಿ ಹಿಂದಿನ ಮೈಸೂರು ರಾಜ್ಯದ ಹೆಣ್ಣುಮಗಳೊಬ್ಬರ ಒಡವೆ ಠಾಣೆಯಲ್ಲೇ ಕಳೆದುಹೋದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೇರೆ ರಾಗ ತೆಗೆದು, ಸರ್ಕಾರ 10,000 ರೂಪಾಯಿ ಕೊಡಬೇಕೆಂದಿತು. ಪರಿಹಾರ ಕೇಳುವವರು ಹಿಡಿಯಬೇಕಾದ ಎಳೆ ಈ ಎರಡನೆಯದು. ಬೆಲೆ ತೋರಿಸಲು ಕೊಂಡ ರಶೀದಿ ಇಲ್ಲದಿದ್ದರೆ ಲಸಿಕೆಯ ಚೀಟಿ, ಔಷಧಿ ಬಿಲ್ಲು, ಕೊರಳಪಟ್ಟಿಯೊಡನೆ ಮನೆಮಂದಿ ತೆಗೆಸಿಕೊಂಡ ಫೋಟೊ ಆಗಬಹುದು. ನಾಟಿನಾಯಿಗೆ ಏನು ಬೆಲೆ ಎಂದರೆ ರಾತ್ರಿ ಕಾವಲಿಗೆ ಆಳಿಟ್ಟರೆ ತಿಂಗಳಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಬಹುದು.

ಇಷ್ಟಾದರೂ ಹೆಚ್ಚಿನ ಪ್ರಕರಣಗಳು ಕೊನೆ ಕಾಣುವ ಜಾಗ ಕೋರ್ಟಲ್ಲ, ಊರ ಹಿರಿಯರ ಜಗಲಿ. ಪ್ರಾಣಿಯನ್ನು ಕೊಂದ ಅಪರಾಧ ಒಡೆಯ ಒಪ್ಪಿದರೆ ರಾಜಿಯಾಗಬಹುದಾದ್ದು. “ನಾಳೆ ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಬಿದ್ದರೂ ಅದೇ ಠಾಣೆಗೆ ಹೋಗ್ಬೇಕಲ್ಲಪ್ಪಾ” ಎಂದು ನೆಂಟರೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ರಾಜಿಗೆ ಒಪ್ಪುವವರನ್ನು ಹೇಡಿಗಳೆಂದು ನಾನು ಕರೆಯಲಾರೆ. ಆದರೆ ಸಹಿ ಹಾಕುವ ಮುನ್ನ ದುಡ್ಡಿನ ಜೊತೆ ಇನ್ನೊಂದನ್ನು ಕೇಳಬಹುದು: ಗುಂಡು ಹಾರಿಸಿದ್ದು ಯಾರು, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ, ಯಾಕೆ ಎಂಬುದನ್ನು ಇನ್‌ಸ್ಪೆಕ್ಟರ್ ಸಹಿಯೊಡನೆ ಒಂದು ಹಾಳೆಯಲ್ಲಿ ಬರೆದು ಕೊಡಬೇಕು, ಅದರ ಪ್ರತಿ ಎಸ್‌ಪಿ ಕಚೇರಿಗೆ ಹೋಗಬೇಕು, ಮರಣೋತ್ತರ ವರದಿಯನ್ನು ಅದಕ್ಕೆ ಲಗತ್ತಿಸಬೇಕು. ದುಡ್ಡು ಕೊಡಲು ಮುಂದೆ ಬಂದವರು ಈ ಹಾಳೆಗೆ ಹಿಂದೇಟು ಹಾಕಿದರೆ, ರಾಜಿ ಮಾಡಿಕೊಳ್ಳಬೇಕೋ ಬೇಡವೋ ಎಂದು ಇನ್ನೊಂದು ದಿನ ಯೋಚಿಸಲು ಅದು ಸಾಕಾದ ಕಾರಣ.